ಓಟು ತಿರುವನಂತಪುರಕ್ಕೆ, ಸುದ್ದಿ ಬೆಂಗಳೂರಿನದು

ನಮ್ಮ ಪೇಟೆಯ ಚಾಯದ ಅಂಗಡಿಯಲ್ಲಿ ಬೆಳಗ್ಗೆ ನಡೆಯುವ ರಾಜಕೀಯ ಚರ್ಚೆಗೆ ಕಿವಿ ಕೊಟ್ಟರೆ ನೀವು ತುಮಕೂರಿನಲ್ಲೋ ದಾವಣಗೆರೆಯಲ್ಲೋ ಇದ್ದೀರಿ ಅನ್ನಿಸಬಹುದು. ವಿಧಾನಸೌಧದಲ್ಲಿ ಯಾರ ಕುರ್ಚಿ ಅಲುಗುತ್ತಿದೆ, ಯಾವ ಸಚಿವರು ದೆಹಲಿ ವಿಮಾನ ಹತ್ತಿದರು, ಗ್ಯಾರಂಟಿ ದುಡ್ಡು ಯಾವ ತಿಂಗಳದ್ದು ಬಾಕಿ, ಎಲ್ಲ ಗೊತ್ತು. ಆ ದುಡ್ಡಿನಲ್ಲಿ ಒಂದು ಪೈಸೆಯೂ ಅಲ್ಲಿ ಕೂತವರಿಗೆ ಬರುವುದಿಲ್ಲ. ಅವರೆಲ್ಲ ಕಾಸರಗೋಡಿನ ಕನ್ನಡಿಗರು, ಕೇರಳದ ಮತದಾರರು. ಅವರ ಪಿಂಚಣಿ, ರೇಷನ್ ಕಾರ್ಡು, ಮೊಮ್ಮಕ್ಕಳ ಪಾಠಪುಸ್ತಕ ಎಲ್ಲ ತೀರ್ಮಾನ ಆಗುವುದು ತಿರುವನಂತಪುರದಲ್ಲಿ. ರಾತ್ರಿ ರೈಲು ಹತ್ತಿದರೆ ಬೆಳಗ್ಗೆ ಸಿಗುವ ಊರು ಅದು. ಅಲ್ಲಿನ ವಿಧಾನಸಭೆಯಲ್ಲಿ ನಿನ್ನೆ ಏನಾಯಿತು ಎಂದು ಕೇಳಿ ನೋಡಿ. ಚಾಯದ ಗ್ಲಾಸು ಕೆಳಗಿಟ್ಟು ಮುಖ ಮುಖ ನೋಡುತ್ತಾರೆ.

ಇದು ನಮಗೆ ಹೊಸತಲ್ಲ. ಹೊಸತಲ್ಲದ ಕಾರಣಕ್ಕೇ ವಿಚಿತ್ರ ಅಂತಲೂ ಅನ್ನಿಸುವುದಿಲ್ಲ. ವಿಚಿತ್ರ ಅನ್ನಿಸಿದ್ದು ದೂರದ ಎಸ್ಟೋನಿಯಾದಿಂದ ಬಂದ ಒಬ್ಬ ಹುಡುಗನಿಗೆ. ಅಲ್ಲ, ಸರಿಯಾಗಿ ಹೇಳಬೇಕೆಂದರೆ ಅವನಿಗೂ ವಿಚಿತ್ರ ಅನ್ನಿಸಲಿಲ್ಲ. "ಇದು ನಮ್ಮ ಮನೆಯ ಕತೆ" ಅಂದ.

ಅವನು ಬಂದದ್ದು ಒಂದು ವಿದ್ಯಾರ್ಥಿ ವಿನಿಮಯ ಕಾರ್ಯಕ್ರಮಕ್ಕೆ. ವಿಷಯ ನವಮಾಧ್ಯಮ ಮತ್ತು ಪ್ರಜಾಪ್ರಭುತ್ವ. ಎಸ್ಟೋನಿಯಾ, ಜರ್ಮನಿ, ಕೆನ್ಯಾ ಕಡೆಯ ಹುಡುಗ ಹುಡುಗಿಯರು, ಜೊತೆಗೆ ನಮ್ಮ ಕಾಸರಗೋಡು, ಮಂಜೇಶ್ವರ ಕಡೆಯ ಕಾಲೇಜು ಮಕ್ಕಳು. ಊರು ತೋರಿಸುವುದು, ಕನ್ನಡ, ತುಳು, ಮಲಯಾಳಗಳ ನಡುವೆ ಮಾತು ದಾಟಿಸುವುದು ನನ್ನ ಕೆಲಸ. ಕನ್ನಡ ಟೀಚರ್ ಆದರೆ ಇಲ್ಲಿ ಇಂಥದ್ದೆಲ್ಲ ತಾನಾಗಿ ಹೆಗಲಿಗೆ ಬೀಳುತ್ತದೆ.

ಸಭಾಂಗಣದ ಉಪನ್ಯಾಸಗಳ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಜಗತ್ತಿನ ಎಲ್ಲ ಕಡೆ ಆ ಸ್ಲೈಡುಗಳು ಒಂದೇ ಥರ ಇರುತ್ತವೆ ಅಂತ ಕಾಣುತ್ತದೆ. ಸುಳ್ಳು ಸುದ್ದಿ, ಆಲ್ಗರಿದಮ್, ಅತ್ತಿಂದಿತ್ತ ಹೋಗುವ ಬಾಣದ ಗುರುತು. ಭಾರತ ಎಂದ ಕೂಡಲೇ 2018 ಬರುತ್ತದೆ. ಮಕ್ಕಳ ಕಳ್ಳರು ಬಂದಿದ್ದಾರೆ ಎಂಬ ವಾಟ್ಸಾಪ್ ವದಂತಿ, ಮಕ್ಕಳಿಗೆ ಚಾಕಲೇಟು ಕೊಟ್ಟದ್ದೇ ಸಂಶಯವಾಗಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಜನ ಸೇರಿ ಹೈದರಾಬಾದಿನ ಯುವ ಇಂಜಿನಿಯರ್ ಒಬ್ಬರನ್ನು ಕೊಂದದ್ದು, ಆಮೇಲೆ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗೆ ಮಾತ್ರ ಕಳಿಸಬಹುದು ಎಂದು ಕಂಪನಿ ಮಿತಿ ಹಾಕಿದ್ದು. ನಿಜವೇ. ನಮ್ಮ ಪಕ್ಕದ ಕಣ್ಣೂರು ಜಿಲ್ಲೆಯಲ್ಲಿ ಅದೇ 2018ರಲ್ಲಿ ಸುಮಾರು 150 ಸರ್ಕಾರಿ ಶಾಲೆಗಳಲ್ಲಿ ಸುಳ್ಳು ಸುದ್ದಿ ಗುರುತಿಸುವ ಪಾಠ ಶುರು ಮಾಡಿದ್ದರು ಎಂಬುದೂ ಆ ಸ್ಲೈಡುಗಳಲ್ಲಿ ಇರಬೇಕಿತ್ತು. ಇರಲಿಲ್ಲ. ನಾನು ಎದ್ದು ಹೇಳಿದೆ.

ನಮ್ಮ ಮಕ್ಕಳಿಗೆ ಜಾಸ್ತಿ ಖುಷಿ ಕೊಟ್ಟದ್ದು ಎಸ್ಟೋನಿಯಾದ ಇಂಟರ್ನೆಟ್ ಮತದಾನ. 2005ರಿಂದ ಅಲ್ಲಿ ಮನೆಯಲ್ಲೇ ಕೂತು ಓಟು ಹಾಕಬಹುದು. 2023ರ ಸಂಸತ್ ಚುನಾವಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಓಟು ಹಾಗೆ ಬಿದ್ದದ್ದು. ಒಬ್ಬಳು ಹುಡುಗಿ ಕೈ ಎತ್ತಿ ಕೇಳಿದಳು: "ಅಪ್ಪ ಪಕ್ಕದಲ್ಲೇ ನಿಂತು ಇದಕ್ಕೇ ಒತ್ತು ಅಂದರೆ?" ಎಸ್ಟೋನಿಯಾದ ಹುಡುಗನಲ್ಲಿ ಉತ್ತರ ರೆಡಿ ಇತ್ತು. ಎಷ್ಟು ಸಲ ಬೇಕಾದರೂ ಹಾಕಬಹುದು, ಕೊನೆಯದ್ದೇ ಲೆಕ್ಕ. ಅಪ್ಪ ಮಲಗಿದ ಮೇಲೆ ಇನ್ನೊಮ್ಮೆ ಒತ್ತಿದರಾಯಿತು. ಇಡೀ ಹಾಲ್ ನಕ್ಕಿತು. ನಾನೂ ನಕ್ಕೆ. ಆದರೆ ನಮ್ಮಲ್ಲಿ ಇದು ನಡೆದೀತಾ? 2016ರಲ್ಲಿ ಮಂಜೇಶ್ವರದ ಶಾಸಕರು ಗೆದ್ದದ್ದು ಬರೀ 89 ಓಟಿನಿಂದ. 2021ರಲ್ಲಿ ಅಂತರ 745. 2024ರ ಏಪ್ರಿಲ್‌ನಲ್ಲಿ ಕಾಸರಗೋಡಿನ ಅಣಕು ಮತದಾನದಲ್ಲಿ ಯಂತ್ರ ಒಂದು ಪಕ್ಷಕ್ಕೆ ಹೆಚ್ಚುವರಿ ಓಟು ತೋರಿಸಿತು ಎಂಬ ಪತ್ರಿಕಾ ವರದಿ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಅದು ಸುಳ್ಳು ಎಂದು ಚುನಾವಣಾ ಆಯೋಗ ಹೇಳಿತು. ಓಟು ಯಾರಿಗೆ ಬಿತ್ತೆಂದು ತೋರಿಸುವ ವಿವಿಪ್ಯಾಟ್ ಚೀಟಿಗಳನ್ನು ಪೂರ್ತಿ ಎಣಿಸಬೇಕೆಂಬ ಬೇಡಿಕೆಯನ್ನು ಕೋರ್ಟು ತಳ್ಳಿಹಾಕಿದ್ದು ಏಪ್ರಿಲ್ 26ಕ್ಕೆ. ಅದೇ ದಿನ ನಾವು ಸಾಲಿನಲ್ಲಿ ನಿಂತು ಓಟು ಹಾಕಿದೆವು. ಕಣ್ಣೆದುರಿನ ಯಂತ್ರದ ಬಗ್ಗೆಯೇ ಇಷ್ಟು ಗುಮಾನಿ ಇರುವಲ್ಲಿ, ಕಾಣದ ಸರ್ವರಿಗೆ ಓಟು ಕಳಿಸಿ ಎಂದರೆ ಯಾರು ಕೇಳುತ್ತಾರೆ?

ಈಗ ಆ ಹುಡುಗನ ಮನೆಯ ಕತೆ. ಒಂದು ಸಂಜೆ ಚಂದ್ರಗಿರಿ ಸೇತುವೆಯ ಮೇಲೆ ನಿಂತಿದ್ದೆವು. ಕೆಳಗೆ ಹೊಳೆ, ಆಚೆ ದಡದ ಗುಡ್ಡದ ಮೇಲೆ ಕೋಟೆ. ಈ ಹೊಳೆಗೆ ಒಂದು ಚರಿತ್ರೆ ಉಂಟು ಎಂದೆ. 1956ರ ನವೆಂಬರ್ 1ರವರೆಗೆ ನಾವು ಮದ್ರಾಸ್ ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯವರು, ಆಮೇಲೆ ಕೇರಳದವರು. ಹೊಳೆಯ ಉತ್ತರದ ಭಾಗ ಕರ್ನಾಟಕಕ್ಕೆ ಸೇರಬೇಕು ಎಂದು ಮಹಾಜನ ಆಯೋಗ 1967ರಲ್ಲಿ ಹೇಳಿತು. ಹೇಳಿದ್ದು ಹೇಳಿದಲ್ಲಿಯೇ ಉಳಿಯಿತು. ಅದಕ್ಕಾಗಿ ಹೋರಾಡಿದ ಕವಿ ಕಯ್ಯಾರ ಕಿಂಞಣ್ಣ ರೈಗಳು ನೂರು ವರ್ಷ ಬದುಕಿದರೂ ಆ ದಿನ ಕಾಣಲಿಲ್ಲ.

ಅವನು ತುಂಬ ಹೊತ್ತು ಕೋಟೆಯನ್ನೇ ನೋಡಿದ. ಅವನ ಊರು ನಾರ್ವಾ. ಅಲ್ಲೂ ಒಂದು ಹೊಳೆ. ಈಚೆ ದಡದಲ್ಲಿ ಎಸ್ಟೋನಿಯಾದ ಕೋಟೆ, ಆಚೆ ದಡದಲ್ಲಿ ರಷ್ಯಾದ ಕೋಟೆ, ಎದುರುಬದುರು. ಅವನ ಮನೆಮಾತು ರಷ್ಯನ್. ದೇಶದ ಸುಮಾರು ಕಾಲು ಭಾಗ ಜನರ ಮಾತು ಅದೇ. ಅಜ್ಜಿ ದಿನಾ ನೋಡುತ್ತಿದ್ದದ್ದು ಮಾಸ್ಕೋದ ಟಿ.ವಿ. ಮಾಸ್ಕೋದಲ್ಲಿ ಹಿಮ ಎಷ್ಟು ಬಿತ್ತು ಎಂದು ಅವರಿಗೆ ಗೊತ್ತು, ರಾಜಧಾನಿ ಟಾಲಿನ್ನಿನಲ್ಲಿ ತನ್ನ ಪಿಂಚಣಿಯ ಬಗ್ಗೆ ಏನು ಮಾತಾಯಿತು ಎಂದು ಗೊತ್ತಿಲ್ಲ. ಕೊನೆಗೆ 2015ರಲ್ಲಿ ಎಸ್ಟೋನಿಯಾ ಸರ್ಕಾರಿ ಪ್ರಸಾರ ಸಂಸ್ಥೆಯಿಂದ ಇಟಿವಿ ಪ್ಲಸ್ ಎಂಬ ರಷ್ಯನ್ ಚಾನೆಲ್ ಶುರು ಮಾಡಿತು. 2022ರಲ್ಲಿ ಉಕ್ರೇನ್ ಯುದ್ಧ ಬಂದಾಗ ಮಾಸ್ಕೋ ಚಾನೆಲ್‌ಗಳನ್ನು ಬಂದ್ ಮಾಡಿತು.

"ಅಜ್ಜಿ ಆಮೇಲೆ ಹೊಸ ಚಾನೆಲ್ ನೋಡಿದರಾ?" ಎಂದು ಕೇಳಿದೆ.

"ಇಲ್ಲ. ಯೂಟ್ಯೂಬ್ ಕಲಿತರು."

ನಮ್ಮದನ್ನೂ ಅವರದನ್ನೂ ಒಂದೇ ತಕ್ಕಡಿಗೆ ಹಾಕಬಾರದು, ಗೊತ್ತು. ಕರ್ನಾಟಕ ನಮಗೆ ಬೇರೆ ದೇಶ ಅಲ್ಲ, ಶತ್ರು ಅಂತೂ ಅಲ್ಲವೇ ಅಲ್ಲ. ಮಂಗಳೂರಿಗೆ ಹೋಗಿ ಸೀರೆ ತಂದರೆ ನಮ್ಮನ್ನು ಯಾರೂ ಸಂಶಯದಿಂದ ನೋಡುವುದಿಲ್ಲ. ಆದರೆ ಗಂಟು ಒಂದೇ. ಸುದ್ದಿ ಭಾಷೆಯ ಹಿಂದೆ ಹೋಗುತ್ತದೆ. ಓಟು ಗಡಿಯ ಒಳಗೇ ಬೀಳುತ್ತದೆ. ಇವೆರಡು ಬೇರೆ ಬೇರೆ ದಿಕ್ಕಿಗೆ ಹೋದಾಗ ನಡುವೆ ನಿಂತವನು ಎಂಥ ಮತದಾರ?

ಮೊದಲೂ ಹೀಗೇ ಇತ್ತಲ್ಲ ಎನ್ನಬಹುದು. ಅರ್ಧ ನಿಜ. ಮಂಗಳೂರು ಆಕಾಶವಾಣಿ 1976ರಿಂದ ನಮ್ಮ ಅಡುಗೆಮನೆಗಳಲ್ಲಿ ಮಾತಾಡಿದೆ. ಕನ್ನಡ ಪತ್ರಿಕೆಗಳ ಮಂಗಳೂರು ಆವೃತ್ತಿ ಬೆಳಗ್ಗೆ ಬರುತ್ತದೆ. ಆದರೆ ಪತ್ರಿಕೆಯಲ್ಲಿ ಕಾಸರಗೋಡಿಗೆಂದು ಜಾಗ ಇರುತ್ತದೆ. ನಾವು ಎಲ್ಲಿದ್ದೇವೆ ಎಂಬುದು ಅದನ್ನು ಮಾಡುವ ಮನುಷ್ಯರಿಗೆ ಗೊತ್ತು. ಬದಿಯಡ್ಕದ ರಸ್ತೆ, ಪೈವಳಿಕೆಯ ಶಾಲೆ, ಕುಂಬಳೆಯ ಆಯನದ ಜಾತ್ರೆ ಅಲ್ಲಿ ಬರುತ್ತದೆ. ಫೋನಿಗೆ ಇದು ಗೊತ್ತಾಗುವುದಿಲ್ಲ. ಭಾಷೆ ಕನ್ನಡ ಎಂದು ಒತ್ತಿದರೆ ಬೆಂಗಳೂರು ಬರುತ್ತದೆ. ಜಾಗ ಕೇರಳ ಎಂದು ಒತ್ತಿದರೆ ಮಲಯಾಳ ಬರುತ್ತದೆ. ಕೇರಳವನ್ನು ಕನ್ನಡದಲ್ಲಿ ಕೊಡು ಎಂದು ಕೇಳಲು ಅಲ್ಲಿ ಗುಂಡಿಯೇ ಇಲ್ಲ. ಇನ್ನೊಂದು ವಿಷಯ ಗಮನಿಸಿದ್ದೇನೆ. ಒಂದೇ ಮನೆಯಲ್ಲಿ ಎರಡು ರಾಜ್ಯ ಆಗುತ್ತಿದೆ. ಅಜ್ಜನ ಫೋನಿನಲ್ಲಿ ಬೆಂಗಳೂರಿನ ಟಿ.ವಿ. ಚರ್ಚೆ, ಮೊಮ್ಮಗನ ಫೋನಿನಲ್ಲಿ ಮಲಯಾಳದ ಟ್ರೋಲು. ಊಟಕ್ಕೆ ಕೂತಾಗ ಇಬ್ಬರಿಗೂ ಮಾತಾಡಲು ಉಳಿಯುವ ವಿಷಯ ಒಂದೇ, ಅಡಿಕೆ ರೇಟು.

2017ರಲ್ಲಿ ಶಾಲೆಗಳಲ್ಲಿ ಮಲಯಾಳ ಕಡ್ಡಾಯ ಮಾಡುವ ಕಾನೂನು ಬಂದಾಗ ಇದರ ಬಿಸಿ ತಾಗಿತು. ಕಾಸರಗೋಡಿನ ಕನ್ನಡಿಗರು ಬೀದಿಗಿಳಿದರು. ಇಳಿಯಲೇಬೇಕಿತ್ತು, ಅದರಲ್ಲಿ ನನಗೆ ಎರಡನೇ ಮಾತಿಲ್ಲ. ಆದರೆ ಕಾನೂನಿನಲ್ಲಿ ಬರೆದದ್ದು ಏನು, ಯಾವ ತರಗತಿಯಿಂದ, ಅಲ್ಪಸಂಖ್ಯಾತರಿಗೆ ಏನು ವಿನಾಯಿತಿ ಎಂದು ಕನ್ನಡದಲ್ಲಿ ಓದಿ ಬಂದವರು ನನ್ನ ಸುತ್ತ ತೀರಾ ಕಡಿಮೆ. ಎಲ್ಲರ ಕೈಯಲ್ಲಿ ಇದ್ದದ್ದು ಫಾರ್ವರ್ಡ್. ನ್ಯಾಯವಾದ ಸಿಟ್ಟಿಗೂ ಸರಿಯಾದ ಕಾಗದ ಬೇಕಲ್ವಾ?

ಮತ್ತೆ 2020ರ ಮಾರ್ಚ್. ಕರ್ನಾಟಕ ಗಡಿ ಮುಚ್ಚಿತು. ತಲಪಾಡಿಯ ಹೆದ್ದಾರಿ ಬಂದ್, ಒಳದಾರಿಗಳಿಗೆಲ್ಲ ಲಾರಿಯಲ್ಲಿ ಮಣ್ಣು ತಂದು ಸುರಿದರು. ಕೋವಿಡ್ ಕೇಸುಗಳು ಕಾಸರಗೋಡಿನಲ್ಲಿ ಜಾಸ್ತಿ ಇದ್ದ ದಿನಗಳು. ದೊಡ್ಡ ಕಾಯಿಲೆ ಎಂದರೆ ನಮಗೆ ಗೊತ್ತಿರುವ ದಾರಿ ಮಂಗಳೂರಿನದು ಒಂದೇ. ಆ ದಾರಿ ಮುಚ್ಚಿದಾಗ ಆಸ್ಪತ್ರೆ ತಲುಪಲಾಗದೆ ಜನ ಸತ್ತರು. ಕೇರಳ ಹೈಕೋರ್ಟು ಏಪ್ರಿಲ್ 1ಕ್ಕೆ ದಾರಿ ತೆರೆಸಬೇಕು ಎಂದು ಆದೇಶ ಮಾಡಿತು. ತುರ್ತು ರೋಗಿಗಳನ್ನು ಬಿಡಲು ಒಪ್ಪಂದ ಆಗಿದೆ ಎಂದು ಏಪ್ರಿಲ್ 7ಕ್ಕೆ ಸುಪ್ರೀಂ ಕೋರ್ಟಿಗೆ ತಿಳಿಸಿದರು. ಆ ದಿನಗಳಲ್ಲಿ ನಮ್ಮ ಮನೆಯಲ್ಲಿ ಎರಡೂ ಭಾಷೆಯ ಚಾನೆಲ್ ಓಡುತ್ತಿತ್ತು. ಮಲಯಾಳದಲ್ಲಿ ಕರ್ನಾಟಕ ಕಲ್ಲು ಮನಸ್ಸಿನ ನೆರೆಮನೆ. ಕನ್ನಡದಲ್ಲಿ ಕಾಸರಗೋಡು ಎಂದರೆ ರೋಗ. ಕನ್ನಡದಲ್ಲಿ ಹಾಗೆ ಕೇಳುವಾಗ ಆದ ಸಂಕಟ ಬೇರೆ ಥರದ್ದು.

ನಮ್ಮ ಕುಟುಂಬದ ವಾಟ್ಸಾಪ್ ಗ್ರೂಪಿಗೆ ಬೆಂಗಳೂರಿನಲ್ಲಿರುವ ನನ್ನ ಸೋದರಮಾವ ಒಂದು ಫಾರ್ವರ್ಡ್ ಹಾಕಿದರು. ಯಾವ ಕಾರಣಕ್ಕೂ ಗಡಿ ತೆರೆಯಬೇಡಿ, ಇದನ್ನು ಹತ್ತು ಜನರಿಗೆ ಕಳಿಸಿ ಎಂದು. ಕೆಟ್ಟ ಮನುಷ್ಯ ಅಲ್ಲ ಅವರು. ವರ್ಷಕ್ಕೊಮ್ಮೆ ತಪ್ಪದೆ ಬಂದು ಹಲಸಿನ ಹಪ್ಪಳ ಕಟ್ಟಿಸಿಕೊಂಡು ಹೋಗುವವರು. ಆ ಹತ್ತು ಜನರಲ್ಲಿ ಅಕ್ಕನೂ ಇದ್ದಾಳೆ ಎಂದು ಬೆರಳಿಗೆ ಹೊಳೆಯಲಿಲ್ಲ, ಅಷ್ಟೆ. ಅಮ್ಮನಿಗೆ ಟೈಪ್ ಮಾಡಲು ಬರುವುದಿಲ್ಲ. ಗುಂಡಿ ಒತ್ತಿ ಹಿಡಿದು ಮಾತಾಡಿದರು: "ತಮ್ಮಾ, ನಾನು ಯಾವ ಕಡೆಯವಳು ಅಂತ ನೀನೇ ಹೇಳು ಮಾರಾಯ." ಮಾವ ಸಂದೇಶ ಅಳಿಸಿದರು. ರಾತ್ರಿ ಫೋನ್ ಮಾಡಿ ಅಕ್ಕನ ಬಿ.ಪಿ. ಮಾತ್ರೆ ಉಂಟಾ ಅಂತ ಕೇಳಿದರು. ಈ ಕತೆಯನ್ನು ಊಟದ ಹೊತ್ತಿಗೆ ವಿದ್ಯಾರ್ಥಿಗಳಿಗೆ ಹೇಳಿದೆ. ಜರ್ಮನಿಯ ಹುಡುಗಿ ಟಿಪ್ಪಣಿ ಬರೆದುಕೊಂಡಳು. ನಾರ್ವಾದವನು ಬರೆದುಕೊಳ್ಳಲಿಲ್ಲ. ಅವನ ಅಜ್ಜಿಯ ತಂಗಿ ಇರುವುದು ಹೊಳೆಯ ಆಚೆ.

ಕೆನ್ಯಾದ ಹುಡುಗಿ ಜಾಸ್ತಿ ಮಾತಾಡುವವಳಲ್ಲ. ಆದರೆ ಮಾತಾಡಿದ ದಿನ ಎಲ್ಲರೂ ಸುಮ್ಮನಾದರು. ಅವಳ ದೇಶದಲ್ಲಿ 2007ರ ಕೊನೆಗೆ ನಡೆದ ಚುನಾವಣೆಯ ನಂತರ ಗಲಭೆ ಎದ್ದಾಗ ಕೆಲವರು ಸೇರಿ ಉಷಾಹಿದಿ ಎಂಬ ಜಾಲತಾಣ ಮಾಡಿದರು. ಎಲ್ಲಿ ಹಿಂಸೆ ನಡೆಯುತ್ತಿದೆ ಎಂದು ಜನ ಎಸ್ಸೆಮ್ಮೆಸ್ ಕಳಿಸಿದರೆ ಅದು ನಕ್ಷೆಯಲ್ಲಿ ಗುರುತಾಗುತ್ತಿತ್ತು. ಅದು ಹೆಮ್ಮೆಯ ಭಾಗ. ಇನ್ನೊಂದು ಭಾಗವೂ ಉಂಟು. ಫೇಸ್‌ಬುಕ್ಕಿನ ಆಫ್ರಿಕಾದ ಹೊಲಸನ್ನು ತೆಗೆಯುವ ಕೆಲಸ ವರ್ಷಗಟ್ಟಲೆ ನಡೆದದ್ದು ನೈರೋಬಿಯ ಒಂದು ಗುತ್ತಿಗೆ ಕಚೇರಿಯಲ್ಲಿ. ಕಡಿಮೆ ಸಂಬಳಕ್ಕೆ ದಿನವಿಡೀ ಕೊಲೆ, ಹಿಂಸೆಯ ವಿಡಿಯೋ ನೋಡಿ ಮನಸ್ಸು ಕೆಟ್ಟಿತು ಎಂದು ಅಲ್ಲಿ ಕೆಲಸ ಮಾಡಿದವರೊಬ್ಬರು 2022ರಲ್ಲಿ ಕೋರ್ಟಿಗೆ ಹೋದರು. "ನಿಮ್ಮ ಭಾಷೆಯ ಹೊಲಸನ್ನು ಯಾರು ತೆಗೆಯುತ್ತಾರೆ?" ಎಂದು ಅವಳು ಕೇಳಿದಳು.

ಕನ್ನಡಕ್ಕಾದರೂ ಯಾರೋ ಇರಬಹುದು. ತುಳುವಿಗೆ? ಬ್ಯಾರಿ ಭಾಷೆಗೆ? ನಮ್ಮ ಕಡೆ ಹುಡುಗರು ಬಯ್ಯುವುದು ತುಳುವಿನಲ್ಲಿ, ಬರೆಯುವುದು ಕನ್ನಡ ಲಿಪಿಯಲ್ಲಿ, ನಡುವೆ ಮಲಯಾಳದ ಎರಡು ಮಾತು. ಗೂಗಲ್ ಅನುವಾದಕ್ಕೆ ತುಳು ಸೇರಿದ್ದೇ 2024ರಲ್ಲಿ. ಮ್ಯಾನ್ಮಾರ್‌ನಲ್ಲಿ ರೋಹಿಂಗ್ಯಾ ಜನರ ಮೇಲೆ ದ್ವೇಷ ಹಬ್ಬುವಾಗ ಬರ್ಮೀ ಭಾಷೆ ಬಲ್ಲ ಪರಿಶೀಲಕರು ಫೇಸ್‌ಬುಕ್ಕಿನಲ್ಲಿ ಬೆರಳೆಣಿಕೆಯಷ್ಟೇ ಇದ್ದರು. ಹಿಂಸೆ ತಡೆಯಲು ತಾನು ಸಾಕಷ್ಟು ಮಾಡಲಿಲ್ಲ ಎಂದು ಕಂಪನಿಯೇ 2018ರಲ್ಲಿ ಒಪ್ಪಿಕೊಂಡಿತು. ನಮ್ಮದು ಅಂಥ ಸ್ಥಿತಿ ಅಲ್ಲ. ಆದರೆ ಸಣ್ಣ ಭಾಷೆಯ ವಿಷ ದೊಡ್ಡ ಕಂಪನಿಯ ಮೂಗಿಗೆ ಬಡಿಯುವುದಿಲ್ಲ ಎಂಬುದು ಇಲ್ಲಿಯೂ ಅಷ್ಟೇ ನಿಜ.

ಹಾಗಾದರೆ ಸರ್ಕಾರ ಕಾನೂನು ಮಾಡಲಿ ಎಂದಳು ಜರ್ಮನಿಯವಳು. ಅವರಲ್ಲಿ 2017ರಲ್ಲೇ ಮಾಡಿದ್ದರಂತೆ. ಕಾನೂನಿಗೆ ವಿರುದ್ಧ ಎಂದು ಸ್ಪಷ್ಟವಾಗಿ ಕಾಣುವ ಬರಹವನ್ನು ದೂರು ಬಂದ 24 ಗಂಟೆಯೊಳಗೆ ತೆಗೆಯಬೇಕಿತ್ತು, ಇಲ್ಲದಿದ್ದರೆ 5 ಕೋಟಿ ಯೂರೋವರೆಗೂ ದಂಡ ಇತ್ತು. ಇಲ್ಲಿ ನನಗೂ ಅವಳಿಗೂ ಹೊಂದಲಿಲ್ಲ. ನಮ್ಮಲ್ಲಿ ಕಾನೂನು ತಿರುಗುವುದು ಕಂಪನಿಯ ಕಡೆಗಲ್ಲ, ಬರೆದವನ ಕಡೆಗೆ. ಇಂಟರ್ನೆಟ್ಟಿನಲ್ಲಿ ಬರೆದದ್ದಕ್ಕೆ ಜೈಲಿಗೆ ಹಾಕಬಹುದಾಗಿದ್ದ ಐಟಿ ಕಾಯ್ದೆಯ 66ಎ ಕಲಮನ್ನು 2015ರಲ್ಲಿ ಸುಪ್ರೀಂ ಕೋರ್ಟು ರದ್ದು ಮಾಡಿದಾಗ ಅದೇ ತೀರ್ಪಿನಲ್ಲಿ ಕೇರಳ ಪೊಲೀಸ್ ಕಾಯ್ದೆಯ 118(ಡಿ) ಕಲಮು ಕೂಡ ಹೋಯಿತು. ಐದು ವರ್ಷ ಕಳೆದು 2020ರ ನವೆಂಬರ್‌ನಲ್ಲಿ 118ಎ ಎಂಬ ಹೊಸ ಸುಗ್ರೀವಾಜ್ಞೆ ಬಂತು. ಅವಹೇಳನದ ಪೋಸ್ಟ್ ಹಾಕಿದರೆ 3 ವರ್ಷದವರೆಗೆ ಜೈಲು. ಎಲ್ಲ ಕಡೆಯಿಂದ ವಿರೋಧ ಬಂದು ಕೆಲವೇ ದಿನಗಳಲ್ಲಿ ಸರ್ಕಾರ ಅದನ್ನು ಹಿಂದೆಗೆಯಿತು. ಇದನ್ನು ಕೇಳಿ ಅವಳು, ಅದೇ ನವಮಾಧ್ಯಮದಲ್ಲಿ ಎದ್ದ ಗೌಜಿಯಿಂದಲೇ ಅಲ್ವಾ ಹಿಂದೆಗೆದದ್ದು ಎಂದಳು. ಅದಕ್ಕೆ ನನ್ನಲ್ಲಿ ಉತ್ತರ ಇರಲಿಲ್ಲ. ಈಗಲೂ ಇಲ್ಲ.

ಎಣ್ಮಕಜೆಗೂ ಹೋಗಿದ್ದೆವು. ಎಂಡೋಸಲ್ಫಾನ್ ಎಂಬ ಕೀಟನಾಶಕದಿಂದ ಪೀಡಿತರಾದವರ ಮನೆಗಳಿಗೆ ಮಾತ್ರ ನಾನು ಯಾರನ್ನೂ ಕರೆದುಕೊಂಡು ಹೋಗಲಿಲ್ಲ. ಆ ಮಕ್ಕಳ ಫೋಟೋ ಜಗತ್ತು ಸಾಕಷ್ಟು ನೋಡಿದೆ. ರಸ್ತೆ ಬದಿಯಲ್ಲಿ ನಿಂತು ಗೇರುತೋಟದ ಗುಡ್ಡ ತೋರಿಸಿದೆ. ಸರ್ಕಾರದ್ದೇ ನಿಗಮ ಇಪ್ಪತ್ತಕ್ಕೂ ಹೆಚ್ಚು ವರ್ಷ ಹೆಲಿಕಾಪ್ಟರಿನಲ್ಲಿ ಆ ಗುಡ್ಡಗಳ ಮೇಲೆ ವಿಷ ಸುರಿಯಿತು. ಅಂಗವಿಕಲವಾಗಿ ಹುಟ್ಟುವ ಕರುಗಳ ಬಗ್ಗೆ ಪತ್ರಕರ್ತ ಶ್ರೀಪಡ್ರೆ 1980ರ ಆಸುಪಾಸಿನಲ್ಲೇ ಬರೆದಿದ್ದರು. ಊರಿನ ಡಾಕ್ಟರ್ ಮೋಹನ್ ಕುಮಾರ್ ರೋಗಿಗಳ ಲೆಕ್ಕ ಇಟ್ಟು ಪತ್ರ ಬರೆದರು. ಕೃಷಿ ಇಲಾಖೆಯ ನೌಕರಿಯಲ್ಲಿದ್ದ ಲೀಲಾಕುಮಾರಿ ಅಮ್ಮ 1998ರಲ್ಲಿ ಕೋರ್ಟಿಗೆ ಹೋದರು. ಸುಪ್ರೀಂ ಕೋರ್ಟಿನ ನಿಷೇಧ ಬಂದದ್ದು 2011ರ ಮೇ ತಿಂಗಳಲ್ಲಿ. ಆಗ ಎಲ್ಲರ ಕೈಯಲ್ಲಿ ಫೋನ್ ಇದ್ದಿದ್ದರೆ 30 ವರ್ಷ ಬೇಕಿತ್ತಾ ಎಂದು ಕೆನ್ಯಾದವಳು ಕೇಳಿದಳು. ಬೇಕಾಗುತ್ತಿರಲಿಲ್ಲ ಎಂದು ನಮ್ಮ ಮಕ್ಕಳು ಒಟ್ಟಿಗೆ ಹೇಳಿದರು. ನನಗೆ ಅಷ್ಟು ಧೈರ್ಯ ಇಲ್ಲ. ಮೂರು ದಿನ ಓಡಿ ನಾಲ್ಕನೇ ದಿನ ಮರೆತುಹೋಗುವ ವಿಡಿಯೋ ಅದಾಗಿರುತ್ತಿತ್ತೋ ಏನೋ. ಆ ಡಾಕ್ಟರರ ಲೆಕ್ಕದ ಪುಸ್ತಕ ಓಡಲಿಲ್ಲ, ಕೂತಲ್ಲೇ ಕೂತಿತ್ತು. ಕೊನೆಗೆ ಉಪಯೋಗಕ್ಕೆ ಬಂದದ್ದು ಅಂಥ ಪುಸ್ತಕಗಳೇ.

ಕೊನೆಯ ಶನಿವಾರ ಭಜನಾಮಂದಿರದಲ್ಲಿ ತಾಳಮದ್ದಳೆ, ಅಂದರೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನ, ಇತ್ತು. ಪ್ರಸಂಗ ವಾಲಿವಧೆ. ಯಕ್ಷಗಾನದ ಕವಿ ಪಾರ್ತಿಸುಬ್ಬನ ಕುಂಬಳೆ ಸೀಮೆಗೆ ಬಂದು ಇದನ್ನು ನೋಡದೆ ಹೋದರೆ ಹೇಗೆ? ವೇಷ ಇಲ್ಲ, ಕುಣಿತ ಇಲ್ಲ. ಬಿಳಿ ಪಂಚೆ, ಶಾಲು, ಎದುರುಬದುರು ಕುರ್ಚಿ, ಹಿಂದೆ ಭಾಗವತರು, ಚೆಂಡೆ, ಮದ್ದಳೆ. ಬಾಣ ತಾಗಿ ಬಿದ್ದ ವಾಲಿ ರಾಮನನ್ನು ಕೇಳುತ್ತಾನೆ: ನನಗೂ ನಿನಗೂ ಹಗೆ ಇರಲಿಲ್ಲ, ಇದ್ದರೆ ಎದುರು ನಿಂತು ಹೊಡೆಯಬಹುದಿತ್ತು, ಮರದ ಮರೆ ಯಾಕೆ ಬೇಕಾಯಿತು? ನನ್ನ ಹಿಂದೆ ಕೂತ ಕಾಲೇಜು ಹುಡುಗ ಮೆಲ್ಲ ಹೇಳಿದ, "ಫೇಕ್ ಐಡಿ ಟೀಚರೇ." ಸುತ್ತ ಇದ್ದವರು ಬಾಯಿಗೆ ಶಾಲು ಒತ್ತಿ ನಕ್ಕರು.

ವಾಲಿಯಾಗಿ ಮಾತಾಡುತ್ತಿದ್ದ ಅರ್ಥಧಾರಿ ಅರ್ಧ ಗಂಟೆ ಬಿಡಲಿಲ್ಲ. ರಾಮ ಕೇಳುತ್ತ ಕೂತಿದ್ದರು. ಕೂರಲೇಬೇಕು. ಎದುರಿನವನ ವಾದ ಪೂರ್ತಿ ಕೇಳದೆ ಉತ್ತರ ಶುರು ಮಾಡಿದರೆ ಸಭೆ ಒಪ್ಪುವುದಿಲ್ಲ. ಆಮೇಲೆ ರಾಮನ ಸರದಿ. ತಮ್ಮನ ಹೆಂಡತಿಯನ್ನು ಇಟ್ಟುಕೊಂಡದ್ದರಿಂದ ಹಿಡಿದು ಒಂದೊಂದೇ ಲೆಕ್ಕ ತೆಗೆದರು. ಜರ್ಮನಿಯವಳು ಕೇಳಿದಳು, ಈ ವಾಲಿ ನಿಜಕ್ಕೂ ರಾಮನ ವಿರೋಧಿಯಾ? ಅಲ್ಲ, ಮುಂದಿನ ವಾರ ಪುತ್ತೂರಿನಲ್ಲಿ ಅವರೇ ರಾಮ ಎಂದೆ. ಅವಳಿಗೆ ನಂಬಿಕೆ ಬರಲಿಲ್ಲ.

ಇದನ್ನೇ ಪ್ರಜಾಪ್ರಭುತ್ವದ ಪಾಠ ಎಂದು ನಾನು ಅಟ್ಟಕ್ಕೇರಿಸುವುದಿಲ್ಲ. ಆ ಕುರ್ಚಿಗಳಲ್ಲಿ ಯಾರು ಕೂರಬಹುದು ಎಂಬುದಕ್ಕೆ ಬಹಳ ಕಾಲ ಜಾತಿಯ ಬೇಲಿ ಇತ್ತು. ಹೆಂಗಸರು ಅರ್ಥ ಹೇಳಲು ಬಂದದ್ದು ತಡವಾಗಿ. ಈಗ ಅಲ್ಲಿಗೂ ಫೋನ್ ಬಂದಿದೆ. ಮರುದಿನ ಬೆಳಗ್ಗೆ ನಮ್ಮ ಗ್ರೂಪುಗಳಲ್ಲಿ ಆ ರಾತ್ರಿಯ ಎರಡು ನಿಮಿಷದ ತುಣುಕು ತಿರುಗುತ್ತಿತ್ತು. ಇದ್ದದ್ದು ವಾಲಿಯ ಪ್ರಶ್ನೆ ಮಾತ್ರ. ರಾಮನ ಉತ್ತರ ಯಾರೂ ಕತ್ತರಿಸಿ ಹಾಕಿರಲಿಲ್ಲ. ಯಾರೋ ಒಬ್ಬರು ಕೆಳಗೆ ಬರೆದಿದ್ದರು, ದೇವರಿಗೆ ಅವಮಾನ ಮಾಡಿದ ಕಲಾವಿದನನ್ನು ಬಹಿಷ್ಕರಿಸಿ ಎಂದು.

ವಿನಿಮಯದ ಕೊನೆಗೆ ಮಕ್ಕಳು ಒಂದು ಸಣ್ಣ ಕೆಲಸ ಮಾಡಬೇಕಿತ್ತು. ಆ್ಯಪ್ ಮಾಡೋಣ ಎಂದು ಹೊರಟವರನ್ನು ನಾರ್ವಾದ ಹುಡುಗನೇ ತಡೆದ. ಇರುವುದರಲ್ಲೇ ಮಾಡಿ ಅಂದ. ಕೇರಳದಲ್ಲಿ ಗ್ರಾಮಸಭೆ ಎಂದರೆ ವಾರ್ಡಿನ ಸಭೆ. ಮೂರು ತಿಂಗಳಿಗೊಮ್ಮೆ ಸೇರಬೇಕು, ಮತದಾರರಲ್ಲಿ ಶೇಕಡಾ 10ರಷ್ಟು ಜನ ಬರಬೇಕು. ಕನ್ನಡದಲ್ಲಿ ಅರ್ಜಿ ಕೊಟ್ಟರೆ ಕನ್ನಡದಲ್ಲೇ ಉತ್ತರ ಪಡೆಯುವ ಹಕ್ಕನ್ನು 1969ರಲ್ಲೇ ಭಾಷಾ ಕಾಯ್ದೆ ಕೊಟ್ಟಿತು. ಆದರೆ ನಮ್ಮ ವಾರ್ಡಿನ ನೋಟಿಸು, ಮನೆ ರಿಪೇರಿ ಸಹಾಯಧನದ ಪಟ್ಟಿ ಎಲ್ಲ ಮಲಯಾಳದಲ್ಲೇ ಗೋಡೆಗೆ ಅಂಟಿತ್ತು. ಮಕ್ಕಳು ಅದನ್ನು ಕನ್ನಡದಲ್ಲಿ, ತುಳುವಿನಲ್ಲಿ ಓದಿ ಕುಟುಂಬಶ್ರೀ ಎಂಬ ಹೆಂಗಸರ ಸ್ವಸಹಾಯ ಸಂಘದ ವಾಟ್ಸಾಪ್ ಗ್ರೂಪಿಗೆ ಧ್ವನಿ ಸಂದೇಶ ಹಾಕಿದರು.

ಸಂಜೆಯೇ ವಾರ್ಡ್ ಮೆಂಬರ್ ಫೋನ್ ಮಾಡಿದರು. "ಟೀಚರೇ, ಅದು ಇನ್ನೂ ಕರಡು ಪಟ್ಟಿ. ಓದಲಿಕ್ಕೆ ಯಾರು ಹೇಳಿದ್ದು?"

"ಗೋಡೆಯಲ್ಲಿ ಹಾಕಿದ್ದೀರಲ್ಲ?"

"ಗೋಡೆಯಲ್ಲಿ ಇರುವುದು ಬೇರೆ, ಗ್ರೂಪಿನಲ್ಲಿ ಬರುವುದು ಬೇರೆ."

ಆ ಸಭೆ ಮಧ್ಯಾಹ್ನ ಊಟದ ಹೊತ್ತು ದಾಟಿದರೂ ಮುಗಿಯಲಿಲ್ಲ. ಮಾಳಿಗೆ ಮನೆ ಇದ್ದವರ ಹೆಸರು ಪಟ್ಟಿಗೆ ಹೇಗೆ ಬಂತು ಎಂದು ಸಾಮಾನ್ಯವಾಗಿ ಬಾಯಿ ಬಿಡದ ಹೆಂಗಸರು ಕೇಳಿದರು. ಮಕ್ಕಳನ್ನು ಯಾವ ಪಾರ್ಟಿಯವರು ಕಳಿಸಿದ್ದು ಎಂದೂ ಒಬ್ಬರು ಕೇಳಿದರು. ಮೆಂಬರ್ ನನ್ನ ಹತ್ತಿರ ಕೆಲವು ದಿನ ಮಾತು ಬಿಟ್ಟರು, ಆಮೇಲೆ ಸರಿಯಾದರು. ಮುಂದಿನ ಸಭೆಯ ನೋಟಿಸು ಮೊನ್ನೆ ಬಂದಿದೆ. ಈ ಸಲ ಕೆಳಗೆ ಕನ್ನಡದಲ್ಲೂ ನಾಲ್ಕು ಸಾಲು ಉಂಟು. ಅದರಲ್ಲಿ ತಾರೀಕು ತಪ್ಪಾಗಿದೆ. ಮಕ್ಕಳು ಆಗಲೇ ಗ್ರೂಪಿನಲ್ಲಿ ಸರಿ ತಾರೀಕು ಹೇಳಿದ್ದಾರೆ.